ತಮ್ಮನ ರಕ್ತದಲ್ಲಿಲ್ಲದ ಗುರುತು

ತಮ್ಮನ ರಕ್ತ ಬೇಕು ಎಂದು ಹೈಮವತಿ ಕೇಳಿದಾಗ ಸುಧನ್ವ ನಕ್ಕುಬಿಟ್ಟ.

“ನನ್ ರಕ್ತದಲ್ಲಿ ಏನ್ ಹುಡುಕ್ತೀಯಕ್ಕ? ದಿನಾ ಬೆಳಗ್ಗೆ ಎದ್ದು ಓಡೋದು ರಕ್ತದಲ್ಲಿ ಕಾಣಿಸುತ್ತಾ?”

“ಕಾಣಿಸಿದ್ರೆ ಹೇಳ್ತೀನಿ. ಮುಷ್ಟಿ ಬಿಗಿ ಮಾಡು.”

ಮೈಸೂರಿನ ಕುವೆಂಪುನಗರದಲ್ಲಿದ್ದ ಅವನ ಸಂಯಮ ಕೇಂದ್ರದಲ್ಲಿ ಆಗಷ್ಟೇ ಬೆಳಗಿನ ತರಗತಿ ಮುಗಿದಿತ್ತು. ಬೆವರು ಒರೆಸಿಕೊಳ್ಳುತ್ತ ಹೊರಟಿದ್ದವರು ಹೆಚ್ಚುಕಡಿಮೆ ಎಲ್ಲರೂ ಹೈಮವತಿಯ ಓರಗೆಯವರು, ಅವಳಷ್ಟೇ ದಪ್ಪಗಿದ್ದವರು. ಗೋಡೆಯ ಮೇಲೆ ಸುಧನ್ವನ ಆಳೆತ್ತರದ ಚಿತ್ರ. ಅದರ ಕೆಳಗೆ ‘ಮನಸ್ಸು ಮಾಡಿದರೆ ಮೈ ಮಾತು ಕೇಳುತ್ತದೆ’ ಎಂಬ ಸಾಲು. ಸೂಜಿ ಚುಚ್ಚುವಾಗ ಹೈಮವತಿ ಆ ಸಾಲಿನ ಕಡೆ ನೋಡಲಿಲ್ಲ. ಸಂಜೆಯ ತರಗತಿಗೆ ಅವಳೂ ಅಲ್ಲಿಗೇ ಬರಬೇಕಿತ್ತು.

ಮಿತದೇಹ ಕಾಯ್ದೆ ಜಾರಿಯಾಗಿ ಆಗ ಆರು ವರ್ಷ. ಪ್ರತಿ ತಿಂಗಳೂ ವಾರ್ಡಿನ ತೂಕದಕಟ್ಟೆಯ ಮೇಲೆ ನಿಲ್ಲಬೇಕು. ಮಿತಿ ದಾಟಿದವರು ಸಂಯಮ ತರಗತಿಗೆ ಹೋಗಬೇಕು. ಅಲ್ಲಿಯೂ ಇಳಿಯದವರಿಗೆ ಬಡ್ತಿಯಿಲ್ಲ, ಸರ್ಕಾರಿ ನೌಕರಿಯಿಲ್ಲ, ಬಸ್ಸಿನಲ್ಲಿ ಎರಡು ಸೀಟಿನ ಚಾರ್ಜು. ಮದುವೆಯ ಮಾತುಕತೆಯಲ್ಲಿ ಜಾತಕಕ್ಕಿಂತ ಮೊದಲು ತೂಕ ಕೇಳುತ್ತಿದ್ದರು. ಹೀಗೆ ಸಿಕ್ಕಿಬಿದ್ದವರಲ್ಲಿ ಬಹುಪಾಲು ಮೂವತ್ತರ ಆಚೀಚಿನವರು. ಪತ್ರಿಕೆಗಳು ಅವರಿಗೆ ‘ಸೋಮಾರಿ ಪೀಳಿಗೆ’ ಎಂದು ಹೆಸರಿಟ್ಟಿದ್ದವು. ಫೋನು ಹಿಡಿದು ಕೂತು ಬೆಳೆದವರು, ಪೊಟ್ಟಣದ ತಿಂಡಿ ತಿಂದು ಬೆಳೆದವರು, ಇನ್ನೇನಾಗುತ್ತದೆ ಎಂದು ಜನ ಅಂದುಕೊಳ್ಳುತ್ತಿದ್ದರು. ಅವರಿಗಿಂತ ಸ್ವಲ್ಪ ದೊಡ್ಡವರೂ ಸ್ವಲ್ಪ ಚಿಕ್ಕವರೂ ಅದೇ ಫೋನು ಹಿಡಿದು ಅದೇ ತಿಂಡಿ ತಿಂದಿದ್ದರು, ಅವರಿಗೇಕೆ ಹೀಗಾಗಲಿಲ್ಲ ಎಂದು ಯಾರೂ ಕೇಳಲಿಲ್ಲ.

ಹೈಮವತಿ ಕೇಳಿದಳು. ಊರಾಚೆಯ ಪೋಷಣಾ ಸಂಶೋಧನಾಲಯದಲ್ಲಿ ಅವಳಿಗೂ ಅವಳ ಸಹೋದ್ಯೋಗಿ ಫರೀದಾಳಿಗೂ ಆ ಪ್ರಶ್ನೆಯೇ ಕೆಲಸವಾಯಿತು. ಅಲ್ಲಿ ಒಂದು ಗಾಳಿಬಿಗಿ ಕೋಣೆಯಿತ್ತು. ಅದರೊಳಗೆ ಮನುಷ್ಯನನ್ನು ಕೆಲವು ದಿನ ಇರಿಸಿ, ಅವನು ಬಿಡುವ ಉಸಿರನ್ನು ಅಳೆದರೆ, ಅವನ ಮೈ ಎಷ್ಟು ಅನ್ನವನ್ನು ಉರಿಸಿತು, ಎಷ್ಟನ್ನು ಕೂಡಿಟ್ಟಿತು ಎಂದು ಗೊತ್ತಾಗುತ್ತಿತ್ತು. ಆ ಪೀಳಿಗೆಯವರು ಉಳಿದವರಷ್ಟೇ ಉಂಡು, ಉಳಿದವರಷ್ಟೇ ನಡೆದರೂ ಅವರ ಮೈ ಒಲೆಯ ಉರಿ ತಗ್ಗಿಸಿದ ಹಾಗೆ ಸಣ್ಣಗೆ ಉರಿಯುತ್ತಿತ್ತು. ಊಟ ಕಡಿಮೆ ಮಾಡಿದರೆ ಉರಿ ಇನ್ನೂ ತಗ್ಗುತ್ತಿತ್ತು. ಕೊನೆಗೆ ಕಾರಣದ ಜಾಡೂ ಸಿಕ್ಕಿತು. ಅವರ ಜೀವಕೋಶಗಳಲ್ಲಿ, ವಂಶವಾಹಿಯ ಮೇಲೆ ಮೂರು ಜಾಗದಲ್ಲಿ, ಒಂದು ರಾಸಾಯನಿಕ ಗುರುತು ಮೇಣದ ಹಾಗೆ ಅಂಟಿಕೊಂಡಿತ್ತು. ‘ಬರ ಬಂದಿದೆ, ಸಿಕ್ಕಿದ್ದನ್ನೆಲ್ಲ ಕೂಡಿಡು’ ಎಂದು ಮೈಗೆ ಸದಾ ಹೇಳುತ್ತಿರುವ ಗುರುತು ಅದು. ಎಂಟು ವರ್ಷಗಳ ಅವಧಿಯಲ್ಲಿ ರಾಜ್ಯದಲ್ಲಿ ಹುಟ್ಟಿದವರಲ್ಲಿ ಮಾತ್ರ ಅದು ಕಾಣಿಸುತ್ತಿತ್ತು.

ಅಂಟಿಸಿದ್ದು ಯಾವುದು ಎಂಬುದೊಂದೇ ಉಳಿದಿತ್ತು. ನೀರೇ, ಗಾಳಿಯೇ, ಪ್ಲಾಸ್ಟಿಕ್ಕೇ, ಯಾವುದಾದರೂ ವೈರಸ್ಸೇ? ಅದಕ್ಕಾಗಿಯೇ ತಮ್ಮನ ರಕ್ತ ಬೇಕಾಗಿದ್ದುದು. ಸುಧನ್ವ ಹೈಮವತಿಗಿಂತ ಮೂರು ವರ್ಷಕ್ಕೆ ಚಿಕ್ಕವನು, ಅದೇ ಅವಧಿಯಲ್ಲಿ ಹುಟ್ಟಿದವನು. ಅದೇ ಅಪ್ಪ ಅಮ್ಮ, ಅದೇ ಮನೆ, ಅದೇ ಬಾವಿಯ ನೀರು. ಆದರೂ ಅವನು ತೆಳ್ಳಗಿದ್ದ.

ಈ ಮಾತನ್ನು ಹೈಮವತಿ ಮೊದಲು ಕೇಳಿದ್ದು ಅಮ್ಮನ ಬಾಯಲ್ಲಿ. “ನೋಡು ಪುಟ್ಟಾ, ಅದೇ ಮನೆ, ಅದೇ ಅನ್ನ. ಅವನಿಗೆ ಸಾಧ್ಯ ಆಗಿದ್ದು ನಿಂಗ್ಯಾಕೆ ಆಗಲ್ಲ? ನಾಲಿಗೆ ನಿನ್ನ ಹಿಡಿತದಲ್ಲಿಲ್ಲ, ಅಷ್ಟೆ.” ಅಮ್ಮ ಎಂದೂ ದನಿ ಎತ್ತಿದವರಲ್ಲ. ಹೈಮವತಿಯ ಅನ್ನಕ್ಕೆ ಒಂದು ಪುಟ್ಟ ಬಟ್ಟಲಿತ್ತು. ಸುಧನ್ವ ಮೂರು ಸಲ ಬಡಿಸಿಕೊಳ್ಳುತ್ತಿದ್ದ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕು, ಇಳಿದು ಬಂದ ಕೂಡಲೇ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಹನ್ನೊಂದನೆಯ ವಯಸ್ಸಿನಲ್ಲಿ, ಚಿಕ್ಕಮ್ಮನ ಮದುವೆಯ ಪಂಕ್ತಿಯಲ್ಲಿ, ಅವಳ ಎಲೆಗೆ ಬಿದ್ದ ಎರಡನೆಯ ಒಬ್ಬಟ್ಟನ್ನು ಅಮ್ಮ ಎಲ್ಲರೆದುರು ಎತ್ತಿ ಪಕ್ಕದ ಎಲೆಗೆ ಹಾಕಿದ್ದರು. ಪಕ್ಕದ ಎಲೆ ಸುಧನ್ವನದು.

ಆದರೂ ಹೈಮವತಿಗೆ ಅಮ್ಮನೆಂದರೆ ಪ್ರಾಣ. ಅವಳು ವಿಜ್ಞಾನ ಓದಿದ್ದೇ ಅಮ್ಮನಂತಾಗಬೇಕೆಂದು. ಡಾಕ್ಟರ್ ವಿಶಾಲಾಕ್ಷಿಯ ಹೆಸರು ಗೊತ್ತಿಲ್ಲದವರು ಕಡಿಮೆ. ಹಸುಗೂಸುಗಳು ಮುಷ್ಟಿಯಷ್ಟಾಗಿ ಹುಟ್ಟಿ ಸಾಯುತ್ತಿದ್ದ ಕಾಲದಲ್ಲಿ, ಶಿಶುಪೋಷಣಾ ಮಂಡಳಿಯಲ್ಲಿದ್ದುಕೊಂಡು ಪುಷ್ಟಿಹನಿಯನ್ನು ರೂಪಿಸಿದವರಲ್ಲಿ ಅವರೇ ಮುಖ್ಯರು. ಹುಟ್ಟಿದ ಮಗುವಿನ ನಾಲಿಗೆಗೆ ಕೆಲವೇ ತೊಟ್ಟು ಬಿಟ್ಟರೆ ಮಗು ತೂಕ ಹಿಡಿದು ಬದುಕುತ್ತಿತ್ತು. ಆಮೇಲೆ ದೇಶ ಉಂಡು ತೇಗುವಂತಾದಾಗ ಹನಿ ನಿಂತಿತು. ಅವರ ಹೆಸರು ಉಳಿಯಿತು. ಎಪ್ಪತ್ತು ದಾಟಿದ ಮೇಲೂ ರೇಡಿಯೋದಲ್ಲಿ ಸಂಯಮದ ಬಗ್ಗೆ ಮಾತಾಡುತ್ತಿದ್ದರು.

ಸುಧನ್ವನ ರಕ್ತದ ಫಲಿತಾಂಶ ಬಂದ ಮಧ್ಯಾಹ್ನ ಫರೀದಾ ಪರದೆಯನ್ನು ಹೈಮವತಿಯ ಕಡೆ ತಿರುಗಿಸಿದಳು.

“ನಿನ್ ತಮ್ಮಂದು ಸ್ಯಾಂಪಲ್ ಅದಲುಬದಲಾಗಿದೆ ಅನ್ಸುತ್ತೆ ಹೈಮಾ. ಗುರುತೇ ಇಲ್ಲ. ಮೂರು ಜಾಗಾನೂ ಖಾಲಿ.”

“ಅವನು ತೆಳ್ಳಗಿದಾನೆ. ಎರಡು ಜಾಗದಲ್ಲಿ ಇರಬಹುದು, ಮಬ್ಬಾಗಿ ಇರಬಹುದು ಅಂದ್ಕೊಂಡಿದ್ದೆ.”

“ಮಬ್ಬೂ ಇಲ್ಲ, ಮಣ್ಣೂ ಇಲ್ಲ. ತೊಳೆದಿಟ್ಟ ಹಾಗಿದೆ.”

ಮತ್ತೊಮ್ಮೆ ರಕ್ತ ತೆಗೆದು ನೋಡಿದರು. ಅದೇ ಉತ್ತರ. ಹಾಗಾದರೆ ನೀರಲ್ಲ, ಗಾಳಿಯಲ್ಲ, ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯಲ್ಲ. ಅವೆಲ್ಲ ಇಬ್ಬರಿಗೂ ಒಂದೇ ಆಗಿದ್ದವು. ಅಕ್ಕನಿಗೆ ತಾಕಿ ತಮ್ಮನಿಗೆ ತಾಕದಿದ್ದುದು ಏನೋ ಇತ್ತು. ಫರೀದಾ ಪೆನ್ನಿನ ತುದಿ ಕಚ್ಚುತ್ತ, ಹಿಂಜರಿಯುತ್ತ ಹೇಳಿದಳು:

“ಬೇಜಾರು ಮಾಡ್ಕೋಬೇಡ. ಆ ಎಂಟು ವರ್ಷ ಹುಟ್ಟಿದ ಮಕ್ಕಳಿಗೆಲ್ಲ ತಪ್ಪದೆ ಹೋಗಿದ್ದು ಒಂದೇ ಒಂದು ವಸ್ತು.”

“ಹನಿ,” ಎಂದಳು ಹೈಮವತಿ. “ಆದ್ರೆ ಅದು ಸುಧನ್ವನಿಗೂ ಬಿದ್ದಿರುತ್ತೆ. ಅಮ್ಮಾನೇ ಅಲ್ಲಿದ್ರು.”

“ಬಿದ್ದಿರುತ್ತಾ?”

ಸಂಶೋಧನಾಲಯದ ಶೀತಕೊಠಡಿಯಲ್ಲಿ ಮಂಡಳಿಯ ಹಳೆಯ ಔಷಧಗಳ ಮಾದರಿಗಳಿದ್ದವು. ನಿರ್ದೇಶಕರ ಅನುಮತಿ ಪಡೆದು ಪುಷ್ಟಿಹನಿಯ ಒಂದು ಸೀಸೆ ತೆಗೆಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಅದನ್ನು ಬಿಟ್ಟರು. ಕೆಲವು ದಿನಗಳಲ್ಲೇ ಮೂರು ಜಾಗದಲ್ಲೂ ಗುರುತು ಅಂಟಿತು. ಹನಿಯನ್ನು ತೊಳೆದು ತೆಗೆದ ಮೇಲೂ ಗುರುತು ಹೋಗಲಿಲ್ಲ. ಕೋಶ ಒಡೆದು ಎರಡಾದಾಗ ಎರಡರಲ್ಲೂ ಉಳಿಯಿತು.

ಹೈಮವತಿ ಅಮ್ಮನ ಮನೆಗೆ ಹೊರಟಿದ್ದು ಸಿಟ್ಟಿನಿಂದಲ್ಲ, ಭಯದಿಂದ. ಇಷ್ಟು ವರ್ಷ ಪುಣ್ಯದ ಕೆಲಸವೆಂದು ನಂಬಿಕೊಂಡು ಬಂದದ್ದು ಹೀಗೆಂದು ಗೊತ್ತಾದರೆ ಈ ವಯಸ್ಸಿನಲ್ಲಿ ಅಮ್ಮ ತಡೆದುಕೊಂಡಾರೇ? ಆಟೋದಲ್ಲಿ ಸರಸ್ವತಿಪುರಂವರೆಗೂ ಯಾವ ಮಾತಿನಿಂದ ಶುರು ಮಾಡಲಿ ಎಂದೇ ಯೋಚಿಸಿದಳು. ‘ಆಗ ಯಾರಿಗೂ ಗೊತ್ತಿರಲಿಲ್ಲಮ್ಮ, ನಿನ್ನ ತಪ್ಪಲ್ಲ’ ಎಂದು ಮೊದಲೇ ಹೇಳಿಬಿಡಬೇಕೆಂದುಕೊಂಡಳು.

ವಿಶಾಲಾಕ್ಷಿ ಹಜಾರದಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಹೈಮವತಿ ಪಕ್ಕದಲ್ಲಿ ಕೂತು, ನಿಧಾನವಾಗಿ, ರೋಗಿಗೆ ಹೇಳುವಂತೆ ಹೇಳಿದಳು. ವಂಶವಾಹಿಯ ಮೇಲೆ ಗುರುತು ಸಿಕ್ಕಿದೆ ಎಂದಳು. ಅದು ಹನಿಯಿಂದ ಬಂದದ್ದು ಎಂದಳು. ಅಮ್ಮನ ಕೈ ನಿಲ್ಲಲಿಲ್ಲ. ಸಿಪ್ಪೆಯಿಂದ ಕಾಳು ಪಟಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತಲೇ ಇತ್ತು.

“ಮೂರೂ ಕಡೆ ಉಳಿದಿದೆಯಾ?” ಎಂದು ಕೇಳಿದರು.

ಹೈಮವತಿ ಮೂರು ಎಂದು ಹೇಳಿರಲಿಲ್ಲ.

“ಮೂರು ಅಂತ ನಿಂಗೆ ಹೇಗೆ ಗೊತ್ತಮ್ಮ?”

ಆಗ ಕೈ ನಿಂತಿತು. ವಿಶಾಲಾಕ್ಷಿ ಸೆರಗಿನಲ್ಲಿ ಬೆರಳು ಒರೆಸಿಕೊಂಡರು. ಸುಳ್ಳು ಹೇಳಲು ನೋಡಲಿಲ್ಲ. ಎದುರಿಗೆ ಕೂತವಳು ಆ ವಿಷಯ ತಿಳಿದವಳು; ಇಷ್ಟು ವರ್ಷ ಯಾರ ಬಳಿಯೂ ಆಡದ ಮಾತು ಆಡಲು ಅವರಿಗೂ ಜನ ಬೇಕಿತ್ತೇನೋ.

“ಇಲಿಗಳಲ್ಲಿ ನೋಡಿದ್ದೆ. ಎರಡು ವರ್ಷಕ್ಕೆ ತಾನಾಗೇ ಉದುರಿಹೋಗುತ್ತೆ ಅಂತ ನಮ್ಮ ಲೆಕ್ಕ ಇತ್ತು. ಉದುರಲಿಲ್ಲ. ಇಲಿಗಳು ಊದಿಕೊಳ್ತಾನೇ ಹೋದ್ವು. ಯೋಜನೆ ಶುರುವಾಗಿ ಮೂರನೇ ವರ್ಷ ಅದು. ಮೇಲಿನವರಿಗೆ ಹೇಳ್ದೆ. ಹನಿ ನಿಲ್ಲಿಸಿದ್ರೆ ಕೂಸುಗಳು ಮತ್ತೆ ಸಾಯ್ತವೆ, ದಪ್ಪ ಆದ್ರೆ ಯಾರೂ ಸಾಯಲ್ಲ, ಸುಮ್ನಿರಿ ಅಂದ್ರು. ಅದೂ ನಿಜಾನೇ ಆಗಿತ್ತು ಹೈಮಾ. ಸಾಯ್ತಿದ್ದ ಮಕ್ಕಳನ್ನ ನಾನು ಕಣ್ಣಾರೆ ನೋಡಿದ್ದೆ.”

“ಸುಧನ್ವ ಹುಟ್ಟಿದ್ದು ಅದಾದ ಮೇಲೆ.”

“ಹೂಂ.”

“ಅವನಿಗೆ ಹಾಕ್ಲಿಲ್ಲ.”

“ಹಾಕೋಕೆ ಕೈ ಬರ್ಲಿಲ್ಲ.”

“ಅದೇ ವಾರ್ಡಲ್ಲಿ ಬೇರೆ ಮಕ್ಕಳೂ ಇದ್ರಲ್ಲಮ್ಮ.”

ವಿಶಾಲಾಕ್ಷಿ ಇನ್ನೊಂದು ಕಾಳು ಕೈಗೆತ್ತಿಕೊಂಡರು. ಮಗನಿಗೆ ಹನಿ ಹಾಕದಿದ್ದುದು ಹೈಮವತಿಗೆ ಅರ್ಥವಾಗುತ್ತಿತ್ತು. ತಾಯಿಗೆ ತನ್ನ ಕೂಸೇ ಮೊದಲು ಎಂದು ಹೇಗೋ ಒಪ್ಪಿಕೊಂಡುಬಿಡುತ್ತಿದ್ದಳು. ಒಪ್ಪಿಕೊಳ್ಳಲಾಗದ್ದು ಇನ್ನೊಂದಿತ್ತು.

“ಹಾಗಾದ್ರೆ ನಾನು ಎಷ್ಟು ಕಡಿಮೆ ತಿಂದ್ರೂ, ಎಷ್ಟು ಸಲ ಬೆಟ್ಟ ಹತ್ತಿದ್ರೂ ಇಳಿಯಲ್ಲ ಅಂತ ನಿಂಗೆ ಗೊತ್ತಿತ್ತು. ನಂಗೆ ಮೂರು ವರ್ಷ ಇದ್ದಾಗ್ಲಿಂದ ಗೊತ್ತಿತ್ತು.”

“ಗೊತ್ತಿತ್ತು ಅಂತ ಹೇಳಕ್ಕಾಗಲ್ಲ. ಇಲಿಗಳಲ್ಲಿ ಇಳಿದಿರ್ಲಿಲ್ಲ. ಮನುಷ್ಯರಲ್ಲಿ ಇಳಿಯಬಹುದು ಅನ್ನೋ ಆಸೆ ಇತ್ತು. ಅಳತೆಯಲ್ಲಿ ಊಟ, ತಪ್ಪದ ವ್ಯಾಯಾಮ, ವಾರಕ್ಕೊಮ್ಮೆ ತೂಕ. ನಿನ್ನಲ್ಲಿ ಇಳಿದ್ರೆ ಎಲ್ಲರಲ್ಲೂ ಇಳಿಸಬಹುದು ಅಂತ…”

ಅವರು ಅಷ್ಟಕ್ಕೇ ನಿಲ್ಲಿಸಿದರು, ಆದರೆ ಮಾತು ಆಗಲೇ ಹೊರಬಿದ್ದಿತ್ತು. ಬೆಟ್ಟದಿಂದ ಇಳಿದು ಬಂದಾಗ ಅಮ್ಮ ಬಗ್ಗಿ ತೂಕದ ಯಂತ್ರದ ಮುಳ್ಳು ನೋಡುತ್ತಿದ್ದರಲ್ಲ, ಆಗ ಅವರ ಮುಖದಲ್ಲಿ ಕಾಣುತ್ತಿದ್ದುದು ಅಕ್ಕರೆ ಎಂದೇ ಹೈಮವತಿ ತಿಳಿದಿದ್ದಳು.

“ನಾನು ಮಗಳಾಗಿದ್ನಾ, ನಿನ್ನ ಇಲಿಯಾಗಿದ್ನಾ?”

“ಹಾಗೆಲ್ಲ ಮಾತಾಡ್ಬೇಡ.”

“ಊರೆಲ್ಲ ನನ್ನನ್ನ ಹೊಟ್ಟೆಬಾಕಿ ಅಂತು. ಅನ್ನಲಿ. ನೀನು ಯಾಕಮ್ಮ ಅಂದೆ? ನಾಲಿಗೆ ಹಿಡಿತದಲ್ಲಿಲ್ಲ ಅಂತ ದಿನಾ ಯಾಕೆ ಹೇಳ್ದೆ?”

ವಿಶಾಲಾಕ್ಷಿ ಕಾಳಿನ ಬಟ್ಟಲನ್ನು ನೋಡುತ್ತ ಹೇಳಿದರು, “ಹೇಳದೇ ಇದ್ದಿದ್ರೆ, ನಾನ್ಯಾಕೆ ಹೀಗಿದೀನಿ ಅಂತ ನೀನು ಕೇಳ್ತಿದ್ದೆ.”

ಅಂದು ಹೈಮವತಿ ಕೂಗಾಡಲಿಲ್ಲ. ಅವಳು ಕೇಳಿದ್ದು ಒಂದೇ: ಸರ್ಕಾರ ವಿಚಾರಣೆ ನಡೆಸಿಯೇ ನಡೆಸುತ್ತದೆ, ಅಲ್ಲಿ ಬಂದು ಈಗ ಹೇಳಿದ್ದನ್ನೇ ಹೇಳಬೇಕು. ಅಮ್ಮ ಕಾಳಿನ ಬಟ್ಟಲು ಪಕ್ಕಕ್ಕಿಟ್ಟು “ಆಗ್ಲಿ, ಹೇಳ್ತೀನಿ” ಎಂದರು. ಬಾಗಿಲವರೆಗೆ ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಮಗಳ ಹಣೆಯ ಮೇಲಿನ ಕೂದಲು ಸರಿಸಿದರು. ಹೈಮವತಿ ಆ ಕೈಯನ್ನು ತಡೆಯಲಿಲ್ಲ. ಅಮ್ಮ ಕೊಟ್ಟ ಮಾತನ್ನು ನಂಬಿದಳು.

ವಿಷಯ ಹೊರಬಿದ್ದ ಮೇಲೆ ಊರಿನಲ್ಲಿ ಎದ್ದ ಗದ್ದಲ ಒಂದೆರಡಲ್ಲ. ತೂಕದಕಟ್ಟೆಗಳನ್ನು ಜನ ಕಿತ್ತೆಸೆದರು. ಸಂಯಮ ಕೇಂದ್ರಗಳಿಗೆ ಬೀಗ ಬಿದ್ದಿತು, ಸುಧನ್ವನದಕ್ಕೂ. ಅವನು ಒಂದು ಸಂಜೆ ಅಕ್ಕನ ಮನೆಗೆ ಬಂದು ಗೋಡೆಗೊರಗಿ ಕೂತ.

“ಹಾಗಾದ್ರೆ ಇದು ನನ್ನ ಸಾಧನೆ ಏನೂ ಅಲ್ಲ,” ಎಂದ.

“ಓಡಿದ್ದು ನೀನೇ. ಅದು ಸುಳ್ಳಲ್ಲ.”

“ಓಡದೇ ಇದ್ರೂ ಹೀಗೇ ಇರ್ತಿದ್ದೆ. ಎಷ್ಟು ಜನಕ್ಕೆ ಬೈದಿದೀನಿ ಅಕ್ಕ. ನಿಂಗೂ ಬೈದಿದೀನಿ, ಎಲ್ಲರೆದುರು.”

ಅಮ್ಮ ತಮಗೆ ಮೊದಲೇ ಗೊತ್ತಿತ್ತೆಂದು ಒಪ್ಪಿಕೊಂಡದ್ದನ್ನು ಹೈಮವತಿ ಅವನಿಗೆ ಹೇಳಲಿಲ್ಲ. ಅಮ್ಮನೇ ತಮ್ಮ ಬಾಯಿಂದ ಹೇಳಲಿ, ಅದೇ ಸರಿ ಎಂದುಕೊಂಡಳು.

ವಿಚಾರಣಾ ಆಯೋಗ ಮೈಸೂರಿನಲ್ಲೇ ಕೂತಿತು. ಸಭಾಂಗಣ ತುಂಬಿ ಹೊರಗೂ ಜನ ನಿಂತಿದ್ದರು. ಹೈಮವತಿಯೂ ಫರೀದಾಳೂ ಗಾಳಿಬಿಗಿ ಕೋಣೆಯ ಅಳತೆಗಳನ್ನೂ ಕೋಶಗಳ ಪರೀಕ್ಷೆಯನ್ನೂ ವಿವರಿಸಿದರು. ಅಮ್ಮ ಹೇಗೂ ತಾವೇ ಹೇಳುವವರು ಎಂದು, ಅವರು ಒಪ್ಪಿಕೊಂಡದ್ದನ್ನೂ ಹೈಮವತಿ ತನ್ನ ಲಿಖಿತ ಹೇಳಿಕೆಯಲ್ಲಿ ಸೇರಿಸಿದ್ದಳು. ಹನಿಯೇ ಕಾರಣ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಉಳಿದದ್ದು ಇನ್ನೊಂದು ಪ್ರಶ್ನೆ. ಆಯೋಗದ ಅಧ್ಯಕ್ಷರಾಗಿದ್ದ ನಿವೃತ್ತ ನ್ಯಾಯಾಧೀಶರು ಅದನ್ನು ವಿಶಾಲಾಕ್ಷಿಗೆ ಕೇಳಿದರು.

“ಯೋಜನೆ ನಡೀತಿದ್ದಾಗ ಈ ಪರಿಣಾಮ ನಿಮಗೆ ತಿಳಿದಿತ್ತೇ ಅಮ್ಮ?”

ವಿಶಾಲಾಕ್ಷಿ ಇಸ್ತ್ರಿ ಮಾಡಿದ ತಿಳಿನೀಲಿ ಸೀರೆಯಲ್ಲಿ ನೆಟ್ಟಗೆ ಕೂತಿದ್ದರು.

“ಇಲ್ಲ. ಆಗಿನ ವಿಜ್ಞಾನಕ್ಕೆ ಅದು ನಿಲುಕುವಂಥದ್ದಾಗಿರಲಿಲ್ಲ.”

“ನಿಮ್ಮ ಮಗನಿಗೆ ಹನಿ ಹಾಕಿಲ್ಲ ಅಂತ ಪರೀಕ್ಷೆ ಹೇಳುತ್ತೆ.”

“ಹುಟ್ಟಿದಾಗ ಅವನಿಗೆ ಜ್ವರ ಇತ್ತು. ಜ್ವರ ಇದ್ದ ಕೂಸುಗಳಿಗೆ ಹಾಕ್ತಿರಲಿಲ್ಲ.”

“ಗೊತ್ತಿತ್ತು ಅಂತ ನೀವೇ ಒಪ್ಪಿಕೊಂಡಿರಿ ಅಂತ ನಿಮ್ಮ ಮಗಳು ಹೇಳಿಕೆ ಕೊಟ್ಟಿದಾರಲ್ಲ?”

ವಿಶಾಲಾಕ್ಷಿ ಮಗಳ ಕಡೆ ತಿರುಗಿದರು. ದನಿ ಎಂದಿನಂತೆಯೇ ಮೆತ್ತಗಿತ್ತು. “ಹೈಮವತಿ ಒಳ್ಳೆ ವಿಜ್ಞಾನಿ. ಅವಳ ಪರೀಕ್ಷೆಯನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಚಿಕ್ಕಂದಿನಿಂದ ಅವಳಿಗೆ ಮೈ ಬಗ್ಗೆ ಕೊರಗು. ಕದ್ದು ತಿನ್ನೋಳು, ಸಿಕ್ಕಿಬಿದ್ದಾಗ ಯಾರ ಮೇಲಾದ್ರೂ ಹಾಕೋಳು. ತಾಯಿಯಾಗಿ ನಾನದನ್ನ ಕ್ಷಮಿಸಿದೀನಿ. ಈಗ್ಲೂ ಕ್ಷಮಿಸ್ತೀನಿ.”

ಸಭೆಯಲ್ಲಿ ಯಾರೋ ನಕ್ಕರು. ಹಿಂದಿನ ಸಾಲಿನಿಂದ ಇನ್ಯಾರೋ ಅವರನ್ನು ಗದರಿದರು. ಹೈಮವತಿ ಎಂದೂ ಕದ್ದು ತಿಂದವಳಲ್ಲ. ಹಸಿವಿನಿಂದ ನಿದ್ದೆ ಬಾರದಿದ್ದಾಗಲೂ ಅಡುಗೆಮನೆಯ ದೀಪ ಹಾಕಿದವಳಲ್ಲ, ಅಮ್ಮನಿಗೆ ಬೇಸರವಾದೀತೆಂದು. ಅದನ್ನು ಬಲ್ಲವರು ಇಡೀ ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವರು ಈಗ ನೀರು ಕುಡಿದು ಲೋಟವನ್ನು ಮೇಜಿನ ಮೇಲಿಡುತ್ತಿದ್ದರು.

ಹೊರಗೆ ಮೆಟ್ಟಿಲ ಬಳಿ ಸುಧನ್ವ ಸಿಕ್ಕಿದ. ಅವನ ಕಣ್ಣು ಕೆಂಪಾಗಿತ್ತು.

“ಜ್ವರ ಇತ್ತಾ ನಂಗೆ?”

“ಇರ್ಲಿಲ್ಲ. ಹಾಕೋಕೆ ಕೈ ಬರ್ಲಿಲ್ಲ ಅಂತ ಅಮ್ಮಾನೇ ಹೇಳಿದ್ರು.”

“ಅಮ್ಮ ನಿನ್ನ ಹತ್ರ ಒಪ್ಕೊಂಡಿದ್ದು ನಿಜಾನಾ?”

“ನಿಜ.”

“ನಂಬ್ತೀನಿ ಅಕ್ಕ. ಆದ್ರೆ ಈಗ ಅದನ್ನ ಎಳೆದಾಡಿದ್ರೆ ಅವ್ರನ್ನ ಜೈಲಿಗೆ ಹಾಕ್ತಾರೆ. ಈ ವಯಸ್ಸಲ್ಲಿ. ಕಾಯ್ದೆ ಹೇಗೂ ಹೋಗುತ್ತೆ, ನಿಮ್ಮೆಲ್ಲರ ಮೇಲಿದ್ದ ಮಾತು ಹೋಯ್ತು. ಇಷ್ಟಕ್ಕೇ ಬಿಟ್ಬಿಡೋಣ. ನನ್ನನ್ನ ಸಾಕ್ಷಿಗೆ ಕರೀಬೇಡ.”

“ನನ್ನನ್ನ ಕಳ್ಳಿ ಅಂದ್ರು ಕಣೋ, ಅಷ್ಟು ಜನರ ಎದುರು.”

“ಕೇಳಿಸ್ತು,” ಎಂದು ಅವನು ಕಾರಿನ ಕಡೆ ನಡೆದ. ಅಮ್ಮನನ್ನು ಮನೆಗೆ ಬಿಡಬೇಕಿತ್ತು.

ಆಯೋಗದ ವರದಿ ಬಂದಾಗ ಅದರಲ್ಲಿ ಎಲ್ಲವೂ ಇತ್ತು, ಅಮ್ಮ ಒಪ್ಪಿಕೊಂಡದ್ದೊಂದನ್ನು ಬಿಟ್ಟು. ಹನಿ ಕಾರಣ, ಆ ಪೀಳಿಗೆ ನಿರ್ದೋಷಿ, ಕಾಯ್ದೆ ರದ್ದು, ಅಂದಿನ ವಿಜ್ಞಾನಿಗಳಿಗೆ ಪರಿಣಾಮ ತಿಳಿದಿತ್ತೆನ್ನಲು ಆಧಾರವಿಲ್ಲ. ಅಂದು ಮಂಡಳಿಯಲ್ಲಿ ‘ಮೇಲಿನವರು’ ಆಗಿದ್ದವರು ಒಬ್ಬರೂ ಬದುಕಿರಲಿಲ್ಲ. ವಿಶಾಲಾಕ್ಷಿಯ ರೇಡಿಯೋ ಭಾಷಣ ನಿಂತಿತು, ಹೆಸರಿಗೆ ಭಂಗ ಬರಲಿಲ್ಲ. ಹೈಮವತಿ ಸರಸ್ವತಿಪುರಂ ಕಡೆ ಹೋಗುವುದನ್ನು ಬಿಟ್ಟಳು. ಒಮ್ಮೆ ಅಮ್ಮನ ಕರೆ ಬಂತು. ಫೋನು ಪೂರ್ತಿ ರಿಂಗಾಗಿ ನಿಲ್ಲುವವರೆಗೂ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

ಮಳೆಗಾಲ ಕಳೆಯುವ ಹೊತ್ತಿಗೆ ಸಂಶೋಧನಾಲಯದಲ್ಲಿ ಗುರುತಿನ ಪರೀಕ್ಷೆ ಎಲ್ಲರಿಗೂ ತೆರೆಯಿತು. ಗುರುತನ್ನು ಕೀಳುವ ಮದ್ದು ಇನ್ನೂ ಇರಲಿಲ್ಲ, ಬಹುಶಃ ಹೈಮವತಿಯ ಕಾಲದಲ್ಲಿ ಬರುವುದೂ ಇಲ್ಲ. ಆದರೂ ಜನ ಬರುತ್ತಿದ್ದರು. ತಮ್ಮ ತಪ್ಪಲ್ಲ ಎಂದು ಯಂತ್ರದ ಬಾಯಿಂದ ಕೇಳಿಸಿಕೊಳ್ಳಬೇಕಿತ್ತು ಅವರಿಗೆ. ಒಂದು ದಿನ ನಂಜನಗೂಡಿನ ಕಡೆಯ ಹೆಂಗಸೊಬ್ಬಳು ಬಂದಳು. ಹೆಸರು ಕೆಂಪಾಜಮ್ಮ. ಬಟ್ಟೆ ಗಿರಣಿಯಲ್ಲಿದ್ದ ಕೆಲಸ ತೂಕದಿಂದಾಗಿ ಹೋಗಿತ್ತಂತೆ. ಗಂಡನೂ ಬಿಟ್ಟು ಹೋದನಂತೆ. ತೋಳು ಚಾಚುವ ಮೊದಲು ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಂಡಳು.

“ಆ ಹನಿ ಮಾಡ್ದೋರು ಇನ್ನೂ ಅವ್ರಾ ಮೇಡಂ?”

“ಇದಾರೆ.”

“ಡಾಕ್ಟ್ರಮ್ಮ ಅಂತಲ್ಲ. ಗೊತ್ತಿರ್ನಿಲ್ಲ ಅಂದ್ರಂತೆ.”

ಹೈಮವತಿ ತೋಳಿಗೆ ರಬ್ಬರು ಪಟ್ಟಿ ಕಟ್ಟುತ್ತಿದ್ದಳು. ಪಕ್ಕದ ಮೇಜಿನಲ್ಲಿ ಫರೀದಾ ತಲೆಯೆತ್ತಿ ನೋಡಿದಳು.

“ಅವ್ರಿಗೆ ಮಕ್ಳು ಮರಿ ಅವ್ರಾ?” ಕೆಂಪಾಜಮ್ಮ ಕೇಳಿದಳು.

“ಇಬ್ಬರು.”

“ಅವ್ರಿಗೂ ಉಯ್ದಿದ್ರಾ?”

“ಒಬ್ಬಳಿಗೆ ಹಾಕಿದ್ರು. ಇನ್ನೊಬ್ಬನಿಗೆ ಹಾಕೋ ಹೊತ್ತಿಗೆ ಗೊತ್ತಾಗಿತ್ತು.”

ಕೆಂಪಾಜಮ್ಮ ಹೈಮವತಿಯ ಮುಖವನ್ನೂ ತುಂಬುತೋಳುಗಳನ್ನೂ ನಿಧಾನವಾಗಿ ನೋಡಿದಳು. ಕುರ್ಚಿಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡು, “ಚುಚ್ಚವ್ವ, ನಾನೇನು ಎದ್ರಲ್ಲ,” ಎಂದು ಕೈ ಮುಂದಿಟ್ಟಳು.